ಬಾಡಿಗೆ ಕುದುರೆ ನಿಂತಿದ್ದ ಶೋಕೇಸು

ಮನೆ ಹಾಲಿನ ಶೋಕೇಸಲ್ಲಿ ಇಟ್ಟಿರೋ ಅಲಂಕಾರದ ಸಾಮಾನು ಆ ಮನೆಯವರಿಗೋಸ್ಕರ ಅಂತ ನಂಬಿಕೊಂಡು ಈ ಕೆಲಸಕ್ಕೆ ಬರ್ತಿದ್ದರೆ, ತಾಯಂದಿರಾ, ಈಗಲೇ ವಾಪಸ್ ಹೋಗಿ ಬೇರೆ ಏನಾದರೂ ಕಲಿತುಕೊಳ್ಳಿ. ಮನೆಯವರು ಕೂರೋದು ಅಡುಗೆಮನೆ ಬಾಗಿಲಲ್ಲಿ, ಟಿ.ವಿ. ನೋಡೋದು ಚಾಪೆ ಮೇಲೆ ದಿಂಬಿಗೆ ಒರಗಿಕೊಂಡು. ಹಾಲಿನ ಶೋಕೇಸು ಇರೋದು ಯಾವಾಗಲೋ ಬರೋ ನಾದಿನಿಗೆ, ಓರಗಿತ್ತಿಗೆ, ಎದುರುಮನೆಯವಳಿಗೆ. ಅವರು ನೋಡಬೇಕು, ಅವರ ಹೊಟ್ಟೆ ಉರಿಯಬೇಕು. ಉರಿಸಿಕೊಡೋದಕ್ಕೆ ನನಗೆ ಸಂಬಳ ಕೊಡ್ತಿದ್ದರು. ಹಾಸನದ ಒಂದು ಅಂಗಡಿಯಲ್ಲಿ ಕೂದಲು ಕಪ್ಪಗಿದ್ದಾಗ ಸೇರಿದೆ, ಬೆಳ್ಳಗಾದ ಮೇಲೆ ಬಿಟ್ಟೆ. ನಡುವೆ ನನ್ನ ಕೆಲಸಕ್ಕೆ ಏನೇನೋ ಹೆಸರಿಟ್ಟರು, ಕೊನೆಗೆ ಎದೆ ಮೇಲೆ ಚೀಟಿ ಸಿಕ್ಕಿಸಿ 'ಡೆಕೋರ್ ಕನ್ಸಲ್ಟೆಂಟ್' ಅಂದರು. ಮಾಡಿದ್ದೆಲ್ಲಾ ಒಂದೇ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಧೂಳು ಒರೆಸಿ, ಇದನ್ನ ಅಲ್ಲಿಟ್ಟು ಅದನ್ನ ಇಲ್ಲಿಟ್ಟು, ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ ನೋಡೋದು.

ನಾನು ಸೇರಿದ ಕಾಲದಲ್ಲಿ ಶೋಕೇಸು ಅಂದರೆ ಗಾಜಿನ ಬಾಗಿಲು, ಅದಕ್ಕೊಂದು ಬೀಗ. ಒಳಗೆ ಚನ್ನಪಟ್ಟಣದ ಬೊಂಬೆ, ಲೈಟು ಹತ್ತೋ ತಾಜಮಹಲು, ಮಣಿ ಪೋಣಿಸಿದ ಹಂಸ, ಯಾರೋ ಕೊಟ್ಟ ಊಟದ ಸೆಟ್ಟು. ಆ ಸೆಟ್ಟಲ್ಲಿ ಊಟ ಮಾಡಿದ ಒಬ್ಬ ನರಮನುಷ್ಯನನ್ನೂ ನಾನು ನೋಡಲಿಲ್ಲ. ಪ್ಲಾಸ್ಟಿಕ್ ಹೂವನ್ನ ಶನಿವಾರ ಶನಿವಾರ ಸೋಪಿನ ನೀರಲ್ಲಿ ಅದ್ದಿ, ಪಾತ್ರೆಗಳ ಪಕ್ಕ ಬಿಸಿಲಿಗೆ ಹಾಕ್ತಿದ್ದರು. ಆಮೇಲೆ ಹೊಟ್ಟೆ ಬಿಟ್ಟುಕೊಂಡು ನಗೋ ಬುದ್ಧ ಬಂದ. ಅದಾದ ಮೇಲೆ ಫೋನು ಬಂತು. ಫೋನಲ್ಲಿ ಯಾವುದೋ ದೇಶದ ಹಾಲಿನ ಫೋಟೋ ತೋರಿಸಿ "ಹಿಂಗೇ ಬೇಕು" ಅಂತಾರೆ. ಆ ಫೋಟೋದಲ್ಲಿ ತೆಂಗಿನಕಾಯಿ ಮೂಟೆ ಇರಲ್ಲ, ಒಣಗಿಹಾಕಿದ ಲುಂಗಿ ಇರಲ್ಲ, ಸೊಸೈಟಿ ಅಕ್ಕಿ ಇರಲ್ಲ. ನಾನು ಹಂಗೇ ಮಾಡಿಕೊಟ್ಟು ಬರ್ತಿದ್ದೆ. ಮಾರನೇ ದಿನಕ್ಕೆ ಲುಂಗಿ ತನ್ನ ಜಾಗಕ್ಕೆ ಬಂದಿರೋದು.

ಗೃಹಪ್ರವೇಶಕ್ಕೆ ಬಂದ ಉಡುಗೊರೆ ವಿಷಯದಲ್ಲಿ ಹುಷಾರಾಗಿರಿ. ನಮ್ಮ ಕಡೆ ಅರ್ಧಕ್ಕರ್ಧ ಜನ ಗೋಡೆ ಗಡಿಯಾರವೇ ಕೊಡೋದು. ಕೊಟ್ಟವರು ಮುಂದಿನ ಸಲ ಬಂದಾಗ ಕಾಲಿಗೆ ನೀರು ಹಾಕಿಕೊಳ್ಳೋ ಮುಂಚೆ ಗೋಡೆ ನೋಡ್ತಾರೆ. ಅದಕ್ಕೇ ಅತ್ತೆ ಬರೋ ದಿನ ಅತ್ತೆ ಗಡಿಯಾರ ಮೊಳೆಗೆ ಏರಬೇಕು, ಬೀಗರ ಗಡಿಯಾರ ಮಂಚದ ಕೆಳಗೆ ಇಳಿಯಬೇಕು. ಒಂದು ಮನೆಯಲ್ಲಿ ಇಬ್ಬರೂ ಒಂದೇ ದಿನ ಬಂದುಬಿಟ್ಟರು. ನಾನು ಎರಡನ್ನೂ ಅಕ್ಕಪಕ್ಕ ತೂಗುಹಾಕಿದೆ. ಯಾರ ಗಡಿಯಾರದ ಟೈಮು ಸರಿ ಅಂತ ಅವರಿಬ್ಬರಿಗೂ ಜಗಳ ಹತ್ತಿ, ರಾಹುಕಾಲ ಯಾವಾಗ ಅಂತ ಗೊತ್ತಾಗದೆ ಪೂಜೆಯೇ ನಿಂತಿತು.

ಚನ್ನರಾಯಪಟ್ಟಣದಲ್ಲಿ ರಿಟೈರಾದ ಒಬ್ಬ ಅಧಿಕಾರಿ ಇದ್ದರು. ಹಾಲಲ್ಲಿ ಪುಸ್ತಕ ಕಾಣಬೇಕು, ಬಣ್ಣ ಮಾತ್ರ ಸೋಫಾಗೆ ಹೊಂದಬೇಕು ಅಂದರು. ನಮ್ಮ ಅಂಗಡಿಯಲ್ಲಿ ಪುಸ್ತಕದ ಥರಾ ಕಾಣೋ ರಟ್ಟಿನ ಡಬ್ಬಿ ಇದ್ದವು, ಬೆನ್ನ ಮೇಲೆ ಚಿನ್ನದ ಗೆರೆ. ಅದನ್ನೇ ಸಾಲಾಗಿ ಜೋಡಿಸಿದೆ. ಒಂದು ದಿನ ನೆಂಟರ ಮೇಷ್ಟರು ಬಂದು ಓದೋಕೆ ಅಂತ ಒಂದನ್ನ ಎಳೆದರಂತೆ. ಒಳಗಿಂದ ಬಿ.ಪಿ. ಮಾತ್ರೆ, ಹಲ್ಲುಸೆಟ್ಟು ಬಿದ್ದವು. ಅಧಿಕಾರಿಗಳು ನನಗೆ ಫೋನ್ ಮಾಡಿ ಬೈದರು. "ಅಲ್ಲಾ ಸಾರ್, ಪುಸ್ತಕ ಅಂದ ಮೇಲೆ ಒಳಗೇನಾದರೂ ಇರಬೇಕಲ್ವಾ?" ಅಂದೆ. ಆಮೇಲೆ ಆ ಮನೆಗೆ ನನ್ನನ್ನ ಕರೀಲಿಲ್ಲ.

ನಮ್ಮ ಅಂಗಡಿ ಯಜಮಾನರ ಬುದ್ಧಿ ಬಗ್ಗೆ ಹೇಳದಿದ್ದರೆ ಮುಂದಿನ ಕಥೆ ಅರ್ಥ ಆಗಲ್ಲ. ಅಂಗಡಿಗೆ ಜನ ಬರ್ತಾರೆ, ನೋಡ್ತಾರೆ, ಕೈಯಲ್ಲಿ ಹಿಡಿದು ತಿರುಗಿಸ್ತಾರೆ, ಹೋಗ್ತಾರೆ. ಅದಕ್ಕೆ ಯಜಮಾನರು "ಮನೇಲಿ ಇಟ್ಟು ನೋಡಿ, ಒಪ್ಪಿದರೆ ತಗೊಳ್ಳಿ" ಅಂತ ಬೋರ್ಡು ಹಾಕಿದರು. ನಮ್ಮ ಜನ ಬಿಡ್ತಾರಾ? ನಾಮಕರಣಕ್ಕೆ ಒಯ್ದು, ಫೋಟೋ ಹೊಡೆಸಿಕೊಂಡು, "ಅಯ್ಯೋ, ನಮ್ಮ ಗೋಡೆಗೆ ಒಪ್ಪಲಿಲ್ಲ ಕಣ್ರೀ" ಅಂತ ವಾಪಸ್ ತಂದುಕೊಟ್ಟರು. ಹೂದಾನಿಯೊಳಗೆ ಲಾಡು ಪುಡಿ ಇರೋದು. ಕೊನೆಗೆ ಯಜಮಾನರು ಬಾಯಿ ಬಿಟ್ಟೇ ಹೇಳಿ ಬಾಡಿಗೆ ಶುರು ಮಾಡಿದರು. ಅರ್ಧ ದಿನಕ್ಕಿಷ್ಟು, ಇಡೀ ದಿನಕ್ಕಿಷ್ಟು. ಸಾಮಾನಿನ ಜೊತೆ ನಾನೂ ಹೋಗಬೇಕು, ಜೋಡಿಸಬೇಕು, ಮುಗಿದ ಮೇಲೆ ಎತ್ತಿಕೊಂಡು ಬರಬೇಕು.

ಬಾಡಿಗೆಗೆ ಹೋಗ್ತಿದ್ದ ಸಾಮಾನಲ್ಲಿ ಎಲ್ಲರೂ ಕೇಳ್ತಿದ್ದಿದ್ದು ಬಿಳಿ ಕುದುರೆ ಜೋಡಿ. ಮುಂಗಾಲೆತ್ತಿ ನಿಂತ ಕುದುರೆ, ಮೊಳದುದ್ದ, ನುಣ್ಣಗೆ ಅಮೃತಶಿಲೆ ಹಾಗೆ ಕಾಣೋದು. ಅಮೃತಶಿಲೆ ಅಲ್ಲ, ಯಾವುದೋ ಪುಡಿ ಎರಕ ಹೊಯ್ದಿದ್ದು. ಅಂಗಡಿಯಲ್ಲಿ ಇದ್ದಿದ್ದು ಒಂದೇ ಜೋಡಿ.

ಅರಕಲಗೂಡಿನಿಂದ ಗೌರಮ್ಮ ಅಂತ ಒಬ್ಬರು ಬಂದರು. ಗಂಡ ಮಲ್ಲಣ್ಣ ಶುಂಠಿ ವ್ಯಾಪಾರದವರು, ಬಾಯಿ ಕಮ್ಮಿ. ಇಬ್ಬರ ಬಾಯನ್ನೂ ಈಯಮ್ಮನೇ ನೋಡಿಕೊಳ್ತಿದ್ದರು. ಮಗಳು ನಂದಿನಿ ಹೈಸ್ಕೂಲಲ್ಲಿ ಪಿ.ಟಿ. ಟೀಚರು.

"ನೋಡು ಲಲಿತಮ್ಮ, ಮಗಳನ್ನ ನೋಡಕ್ಕೆ ಬತ್ತಾವ್ರೆ. ಇದು ಮೂರ್ನೇ ಗಂಡು. ಮೊದ್ಲು ಬಂದೋರು ಎರಡ್ ಕಡೇರೂ ಕಾಫಿ ಕುಡುದ್ರು, ಎದ್ದೋದ್ರು, ತಿರುಗಿ ಒಂದ್ ಫೋನೂ ಮಾಡ್ನಿಲ್ಲ. ಯಾಕ್ ಯೋಳು?"

"ಯಾಕೆ?"

"ಆ ದರಿದ್ರ ಕಪ್ಪುಗಳು!"

ಅವರ ಮನೆಗೆ ಹೋದ ಮೇಲೆ ಗೊತ್ತಾಯಿತು. ಶೋಕೇಸಿನ ತುಂಬಾ ಖೋಖೋ ಆಟದಲ್ಲಿ ನಂದಿನಿ ಗೆದ್ದ ಕಪ್ಪು, ಷೀಲ್ಡು, ಮೆಡಲು. ತಾಲ್ಲೂಕು, ಜಿಲ್ಲೆ, ವಿಭಾಗ, ಎಲ್ಲಾ ಮಟ್ಟದ್ದೂ ಇದ್ದವು. ಕೆಲವಕ್ಕೆ ಹಿತ್ತಾಳೆ ಬಣ್ಣ ಹೋಗಿತ್ತು, ಒಂದೆರಡರ ಕಿವಿ ಮುರಿದಿತ್ತು. ಅವನ್ನ ನೋಡಿದ ಗಂಡಿನ ಕಡೆಯವರು, ಈ ಹುಡುಗಿ ಮನೆಯಲ್ಲಿ ನಿಲ್ಲೋಳಲ್ಲ ಅಂದುಕೊಂಡು ಓಡಿಹೋದರು ಅಂತ ಗೌರಮ್ಮನ ಲೆಕ್ಕಾಚಾರ. ಯಾರೂ ಹಾಗಂತ ಹೇಳಿರಲಿಲ್ಲ. ಆದರೂ ನಾನು ಹೋಗೋ ಹೊತ್ತಿಗೆ ಗೋಣಿಚೀಲ ಹಿಡಿದು ಕಪ್ಪುಗಳನ್ನ ಆಲೂಗಡ್ಡೆ ತುಂಬೋ ಹಾಗೆ ತುಂಬ್ತಾ ಇದ್ದರು.

ನಂದಿನಿ ಬಾಗಿಲಿಗೆ ಒರಗಿ ನಿಂತಿದ್ದಳು. ಗಟ್ಟಿ ಹುಡುಗಿ, ಬಿಸಿಲಲ್ಲಿ ಬೆಂದ ಬಣ್ಣ. "ಆಂಟಿ, ಅವರು ನನ್ನ ನೋಡೋಕೆ ತಾನೆ ಬರ್ತಿರೋದು? ಈ ಮನೇಲಿ ನಂದು ಅಂತ ಇರೋದು ಇದೊಂದೇ. ಅದನ್ನ ಅಟ್ಟಕ್ಕೆ ಹಾಕಿ, ನಿಮ್ಮ ಕುದುರೆ ಪಕ್ಕ ನನ್ನ ಕೂರಿಸ್ತಾರೆ," ಅಂದಳು.

ನಾನು ಕುದುರೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದೆ. ಬಾಡಿಗೆ ಸಾಮಾನು ತಂದವಳಿಗೆ ಮನೆ ಜಗಳದಲ್ಲಿ ಮಾತಿಲ್ಲ.

"ಅಮ್ಮಾ, ಒಂದು ಮಾತು," ಅಂದಳು ನಂದಿನಿ. "ನಾನು ಎಲ್ಲಿಗೆ ಹೋದರೂ ಈ ಕಪ್ಪುಗಳು ನನ್ನ ಜೊತೆ ಬರ್ತವೆ. ಆ ಮನೆ ಹಾಲಲ್ಲಿ ಇಡ್ತೀನಿ. ಒಪ್ಪದೆ ಇರೋ ಮನೆಗೆ ನಾನು ಹೋಗಲ್ಲ."

"ಮೊದ್ಲು ತಾಳಿ ಕಟ್ಟಿಸ್ಕಳೇ ತಾಯಿ! ಆಮ್ಯಾಕೆ ಕಪ್ಪಾದ್ರೂ ಇಟ್ಕೊ, ಕೊಪ್ಪರಿಗೆಯಾದ್ರೂ ಇಟ್ಕೊ!" ಅಂತ ಗೌರಮ್ಮ ಮೂಟೆ ಬಾಯಿಗೆ ದಾರ ಬಿಗಿದರು.

ಗಂಡು ಯಾವ ಊರಿನವನು ಅಂತ ನಾನು ಕೇಳಿದೆ. ಗೌರಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. ನಿಶ್ಚಯ ಆಗೋವರೆಗೂ ಊರ ಹೆಸರು ಎತ್ತಬಾರದು, ಯಾರಾದರೂ ಹೋಗಿ ಕಿವಿ ಕಚ್ಚಿಬಿಡ್ತಾರೆ ಅನ್ನೋದು ಅವರ ಭಯ. ನಮ್ಮ ಕಡೆ ಎಲ್ಲರದ್ದೂ ಹಿಂಗೇ. ಸರಿ, ನನಗ್ಯಾಕೆ ಅಂತ ಕುದುರೆ ನಿಲ್ಲಿಸಿದೆ, ಎರಡು ಕಡೆ ಹೂದಾನಿ ಇಟ್ಟೆ, ನಡುವೆ ಹಿತ್ತಾಳೆ ದೀಪ. ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿದೆ, ಚೆನ್ನಾಗೇ ಇತ್ತು. ಗೌರಮ್ಮ ಕಾಡಿಗೆ ಡಬ್ಬಿ ತಂದು, ಒಂದು ಕುದುರೆಯ ಹೊಟ್ಟೆ ಕೆಳಗೆ ದೃಷ್ಟಿಬೊಟ್ಟು ಇಟ್ಟರು. ಬಾಡಿಗೆ ಕುದುರೆಗೆ ದೃಷ್ಟಿಬೊಟ್ಟು ಇಟ್ಟಿದ್ದನ್ನ ನಾನು ಅದೇ ಮೊದಲು ನೋಡಿದ್ದು. ಸಂಜೆ ಸಾಮಾನು ಎತ್ತೋಕೆ ಹೋದಾಗ ಗೌರಮ್ಮನ ಮುಖ ಅರಳಿತ್ತು. ಗಂಡಿನ ತಾಯಿ ಕುದುರೆ ಮೇಲಿಂದ ಕಣ್ಣೇ ಕೀಳಲಿಲ್ಲವಂತೆ. ಎಲ್ಲಿ ತಗೊಂಡಿದ್ದು ಅಂತ ಕೇಳಿದರಂತೆ. ಇವರು ಮೈಸೂರು ಅಂದರಂತೆ. ಇನ್ನು ಇವರು ಗಂಡಿನ ಮನೆ ನೋಡೋಕೆ ಹೋಗೋದೊಂದು ಬಾಕಿ.

ಕೆಲವು ದಿನ ಆದ ಮೇಲೆ ಹೊಳೆನರಸೀಪುರದಿಂದ ಅಂಗಡಿಗೆ ಫೋನು ಬಂತು. ಸರ್ವಮಂಗಳಮ್ಮ ಅಂತ, ಕೊಬ್ಬರಿ ಮಂಡಿಯವರ ಮನೆ. ನೆಂಟರು ಬರ್ತಾರೆ, ಹಾಲು ಜೋಡಿಸಿಕೊಡಬೇಕು, ಬಿಳಿ ಕುದುರೆ ಜೋಡಿ ಇರಲೇಬೇಕು ಅಂದರು. ಯಾವ ನೆಂಟರು ಅಂತ ಅವರೂ ಹೇಳಲಿಲ್ಲ. ಬಿಳಿ ಕುದುರೆ ಊರಿಗೆಲ್ಲಾ ಬೇಕಿತ್ತು, ನನಗೆ ಅನುಮಾನ ಯಾಕೆ ಬರಬೇಕು? ಬಟ್ಟೆ ಸುತ್ತಿ ತಗೊಂಡು ಹೋದೆ.

ದೊಡ್ಡ ಮನೆ, ಗೋಡೆಯುದ್ದ ಶೋಕೇಸು. ಬಾಗಿಲು ತೆಗೆದರೆ ಒಳಗೆ ಏನೂ ಇಲ್ಲ. ಮನೆ ಕಟ್ಟಿ ಎಷ್ಟೋ ವರ್ಷ ಆಗಿದೆ, ಖಾನೆಗೆ ಹಾಸಿದ್ದ ಹಳೇ ಪೇಪರು ಹಳದಿ ತಿರುಗಿದೆ.

"ಇಲ್ಲೇನು ಇಡ್ತಿದ್ರಿ ಅಮ್ಮ?" ಅಂದೆ.

"ಏನೂ ಇಡಲ್ಲಮ್ಮ. ಇಟ್ಟರೆ ಧೂಳು ಕೂರುತ್ತೆ," ಅಂದರು ಸರ್ವಮಂಗಳಮ್ಮ.

ಮಗ ಪ್ರಸನ್ನ ಸೋಫಾದಲ್ಲಿ ಕೂತು ಫೋನು ಒತ್ತುತ್ತಿದ್ದ. ಜೋಡಿಸಿದ್ದಾಯಿತು. ಹೊರಡೋಣ ಅಂದರೆ ಸರ್ವಮಂಗಳಮ್ಮ ಬಿಡಲಿಲ್ಲ. ನೆಂಟರು ಆ ಕಡೆ ಹೋಗ್ತಿದ್ದ ಹಾಗೆ ಈ ಕಡೆ ಸಾಮಾನು ಎತ್ತಿಕೊಂಡು ಹೋದರೆ ಅರ್ಧ ದಿನದ ಬಾಡಿಗೆ ಅಷ್ಟೇ ತಾನೆ? ಅದಕ್ಕೆ ನನ್ನನ್ನ ಅಡುಗೆಮನೆಯಲ್ಲೇ ಇರು ಅಂದರು. ಸುಮ್ಮನೆ ಯಾಕಿರ್ತೀಯ ಅಂತ ಕೇಸರಿಭಾತು ತಿರುವೋಕೂ ಹಚ್ಚಿದರು. ಡೆಕೋರ್ ಕನ್ಸಲ್ಟೆಂಟ್ ಸೌಟು ಹಿಡಿದು ನಿಂತುಕೊಂಡೆ.

ಕಾರು ನಿಂತ ಸದ್ದಾಯಿತು. ಪರದೆ ಸಂದಿಯಿಂದ ಇಣುಕಿದರೆ, ಅಯ್ಯೋ ಶಿವನೇ! ಮೊದಲು ಮಲ್ಲಣ್ಣ, ಹಿಂದೆ ಗೌರಮ್ಮ, ಅವರ ಹಿಂದೆ ನಂದಿನಿ. ನನ್ನ ಕೈಯಲ್ಲಿದ್ದ ಸೌಟು ಬಾಣಲೆಗೆ ಬಿತ್ತು.

ಗೌರಮ್ಮ ಸೋಫಾದ ತುದಿಯಲ್ಲಿ ಕೂತರು, ಶೋಕೇಸಿನ ಪಕ್ಕಕ್ಕೇ. ಕುದುರೆ ನೋಡಿದರು. ಮತ್ತೆ ನೋಡಿದರು. ಕೈಚಾಚಿ, ಮುದ್ದು ಮಾಡೋರ ಹಾಗೆ ಕುದುರೆಯನ್ನ ಸ್ವಲ್ಪ ಓರೆ ಮಾಡಿ ಬಗ್ಗಿದರು. ಹೊಟ್ಟೆ ಕೆಳಗೆ ತಾವೇ ಇಟ್ಟ ಕಾಡಿಗೆ ಬೊಟ್ಟು ಹಂಗೇ ಇತ್ತು. ನಾನು ಮೇಲೆಲ್ಲಾ ಒರೆಸಿದ್ದೆ, ಹೊಟ್ಟೆ ಕೆಳಗೆ ಯಾರು ಒರೆಸ್ತಾರೆ? ಈಗ ಕೂಗಾಡ್ತಾರೆ ಅಂದುಕೊಂಡೆ. ಆಯಮ್ಮ ಸೆರಗು ಸರಿಮಾಡಿಕೊಂಡು ನಕ್ಕರು.

"ಚೆಂದಾಗವೆ ಕಣ್ರೀ. ಎಲ್ಲಿ ತಗಂಡ್ರಿ?"

"ಮೈಸೂರಲ್ಲಿ. ನಿಮ್ಮನೇದು ನೋಡಿದ ಮೇಲೆ ನಮಗೂ ಆಸೆ ಆಯ್ತು."

"ಔದಾ? ನಮ್ದೂ ಮೈಸೂರೇ."

"ಒಂದೇ ಅಂಗಡಿ ಇರಬೇಕು."

"ಇರ್ಬೇಕು, ಇರ್ಬೇಕು."

ಪರದೆ ಹಿಂದೆ ನನಗೆ ನಗು ತಡೆಯೋಕೆ ಆಗಲಿಲ್ಲ. ಒಬ್ಬರಿಗೆ ಗೊತ್ತಿದೆ, ಹೇಳೋ ಹಾಗಿಲ್ಲ. ಹೇಳಿದರೆ ತಮ್ಮದೂ ಬಯಲಾಗುತ್ತೆ. ಇನ್ನೊಬ್ಬರಿಗೆ ಗೊತ್ತೇ ಇಲ್ಲ. ಇಬ್ಬರು ಬೀಗಿತ್ತಿಯರೂ ಸುಳ್ಳಲ್ಲಿ ಇಷ್ಟು ಸರಿಸಮ ಇದ್ದ ಮೇಲೆ ಈ ಸಂಬಂಧ ಕೂಡದೆ ಎಲ್ಲಿ ಹೋಗುತ್ತೆ ಅಂದುಕೊಂಡೆ. ಮದುವೆ ದಿನದ ಮಾತು ಶುರುವಾಯಿತು. ಮಲ್ಲಣ್ಣ "ಊಂ" ಅಂದರು. ಕೇಸರಿಭಾತು ಹಂಚಿದ್ದೂ ಆಯಿತು.

ಅಷ್ಟರಲ್ಲಿ ನಂದಿನಿ ಎದ್ದು ಶೋಕೇಸಿನ ಹತ್ತಿರ ಬಂದಳು. ನನ್ನ ಸಾಮಾನು ಮೇಲಿನ ಎರಡು ಖಾನೆಗೆ ಮಾತ್ರ ಸಾಕಾಗಿತ್ತು, ಕೆಳಗಡೆ ಖಾಲಿ.

"ಆಂಟಿ, ಈ ಖಾನೆ ಖಾಲಿ ಇದೆಯಲ್ಲ. ಇಲ್ಲಿ ನನ್ನ ಕಪ್ಪುಗಳನ್ನ ಇಡಬಹುದಾ?"

"ಯಾವ ಕಪ್ಪಮ್ಮ?"

"ಖೋಖೋದಲ್ಲಿ ಗೆದ್ದಿದ್ದು. ತುಂಬಾ ಇವೆ. ಸ್ಕೂಲ್ ಮಕ್ಕಳಿಗೂ ಅದನ್ನೇ ಕಲಿಸ್ತೀನಿ. ಮದುವೆ ಆದ ಮೇಲೂ ಆ ಕೆಲಸ ಬಿಡಲ್ಲ."

ಸರ್ವಮಂಗಳಮ್ಮನ ಮುಖ ಹುಳ್ಳಗಾಯಿತು. "ಸ್ಕೂಲಲ್ಲಿ ಟೀಚರು ಅಂದಿದ್ರಿ? ನಾನು ಗಣಿತವೋ ಏನೋ ಅಂದ್ಕೊಂಡಿದ್ದೆ. ಅಲ್ಲಾ, ಬೀದೀಲಿ ಚಡ್ಡಿ ಹಾಕ್ಕೊಂಡು ಓಡಿದ್ದನ್ನ ತಂದು ಹಾಲಲ್ಲಿಟ್ಟು, ಬಂದವರಿಗೆಲ್ಲಾ ತೋರಿಸೋಕಾಗುತ್ತಾ? ಅದೆಲ್ಲಾ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿ ಬಾಮ್ಮ. ಇಲ್ಲಿ ಕುದುರೆ ಇದಾವಲ್ಲ, ಸಾಕು."

ನಂದಿನಿ ಪ್ರಸನ್ನನ ಕಡೆ ನೋಡಿದಳು. ಅವನು ಅವರಮ್ಮನ ಕಡೆ ನೋಡಿದ, ಆಮೇಲೆ ಫೋನು ನೋಡಿದ. ಮಲ್ಲಣ್ಣ ಈ ಸಲ ಊಂ ಅನ್ನಲಿಲ್ಲ. ನಾನು ಗೌರಮ್ಮನನ್ನ ನೋಡ್ತಿದ್ದೆ. ಸಂಬಂಧ ಉಳಿಸಿಕೊಳ್ಳೋಕೆ ಮಗಳನ್ನ ಗದರಿಸ್ತಾರೆ, ಬಂದು ಕೂತ್ಕೊಳ್ಳೇ ಅಂತಾರೆ ಅಂತ ಕಾದೆ. ಅದೇ ಕಪ್ಪುಗಳನ್ನ ಅರಕಲಗೂಡಿನಲ್ಲಿ ಅವರೇ ಮೂಟೆ ಕಟ್ಟಿದ್ದನ್ನ ನಾನು ನೋಡಿರಲಿಲ್ಲವಾ?

ಗೌರಮ್ಮ ಕೇಸರಿಭಾತಿನ ತಟ್ಟೆಯನ್ನ ನೆಲಕ್ಕೆ ಇಟ್ಟರು.

"ಏನಂದೆ ನೀನು?"

"ಅಲ್ಲ ಗೌರಮ್ಮನೋರೇ, ನಾನು ಹೇಳಿದ್ದು..."

"ಮೂಟೆ ಕಟ್ಟು ಅಂದ್ಯಾ? ನಾನು ಕಟ್ದೆ ಕಣಮ್ಮ ಮೂಟೆಯ. ಹೆತ್ತೋಳು, ಹೊಟ್ಟೇಲಿ ಭಯ ಇಟ್ಕಂಡು ಕಟ್ದೆ. ನೀನ್ಯಾರು ಕಟ್ಟು ಅನ್ನಕ್ಕೆ? ನನ್ ಮಗಳು ಮಂಡಿ ತರುಚ್ಕಂಡು, ರಕ್ತ ಸುರುಸ್ಕಂಡು ಬತ್ತಿದ್ಲು, ಅರಿಶ್ಣ ಅಚ್ಚಿದೋಳು ನಾನು. ನೀನು ಅಚ್ಚಿದ್ಯಾ?"

"ಮರ್ಯಾದೆ ಇರಲಿ ಮಾತಿಗೆ!"

"ಮರ್ವಾದೆನಾ? ತಗೋ ಮರ್ವಾದೆ!" ಅಂತ ಗೌರಮ್ಮ ಕುದುರೆಯನ್ನ ಎತ್ತಿ ಬುಡಮೇಲು ಮಾಡಿ ಹಿಡಿದರು. "ಇಲ್ಲಿ ನೋಡು, ನನ್ ಕೈಯಾರೆ ಇಟ್ಟ ಕಾಡಿಗೆ. ಮೈಸೂರಂತೆ ಮೈಸೂರು! ನಿಮ್ಮನೆ ಕುದ್ರೇನೂ ಬಾಡ್ಗೆ, ನಮ್ಮನೆ ಕುದ್ರೇನೂ ಬಾಡ್ಗೆ. ಆ ಕಪ್ಪುಗಳು ಮಾತ್ರ ಸ್ವಂತದ್ದು ಕಣಮ್ಮ. ನನ್ ಮಗಳು ಓಡಿ ತಂದಿದ್ದು."

ಸರ್ವಮಂಗಳಮ್ಮ ಸಿಟ್ಟು ತೀರಿಸಿಕೊಳ್ಳೋಕೆ ಜಾಗ ಹುಡುಕಿ, "ಏಯ್, ಬಾರಮ್ಮ ಈಚೆಗೆ!" ಅಂತ ಅಡುಗೆಮನೆ ಕಡೆ ಕೂಗಿದರು. ನಾನು ಪರದೆ ಸರಿಸಿ ಬಂದೆ. ಸೌಟು ಕೈಯಲ್ಲೇ ಇತ್ತು. ಗೌರಮ್ಮ ನನ್ನ ನೋಡಿ ಒಂದು ಕ್ಷಣ ಬೆಪ್ಪಾದರು, ಆಮೇಲೆ, "ನೀನಾ? ಸರಿಯಾಯ್ತು. ಎತ್ಕ ನಿನ್ ಕುದ್ರೆಯ, ನಡಿ," ಅಂದರು. ನಾನು ಎತ್ತಿಕೊಳ್ತಿದ್ದರೆ ಸರ್ವಮಂಗಳಮ್ಮ, "ಅರ್ಧ ದಿನ ಇನ್ನೂ ಮುಗಿದಿಲ್ಲ! ಇಟ್ಟು ಹೋಗು!" ಅಂದರು. ಆ ಹೊತ್ತಲ್ಲೂ ಆಯಮ್ಮನಿಗೆ ಬಾಡಿಗೆಯದ್ದೇ ಚಿಂತೆ.

ಗೌರಮ್ಮನವರ ಕಾರಿಗೇ ನಾನೂ ಹತ್ತಿದೆ. ಮಿಕ್ಕ ಸಾಮಾನು ಡಿಕ್ಕಿಯಲ್ಲಿ, ನಂದಿನಿ ತೊಡೆ ಮೇಲೊಂದು ಕುದುರೆ, ನನ್ನ ತೊಡೆ ಮೇಲೊಂದು. ಊರು ದಾಟಿ, ಹೊಳೆಬದಿಯ ಗದ್ದೆ ಬಯಲು ಬಂದ ಮೇಲೆ ಗೌರಮ್ಮನ ಜೋರೆಲ್ಲಾ ಇಳಿಯಿತು. ಸೆರಗನ್ನ ಬಾಯಿಗೆ ಒತ್ತಿಕೊಂಡು ಅಳೋಕೆ ಶುರುಮಾಡಿದರು. "ಮೂರ್ನೇದೂ ಓಯ್ತಲ್ಲೇ. ನನ್ ಬಾಯಿಂದ ನಿನ್ ಬಾಳ್ ಕೆಡಿಸ್ಬುಟ್ನಲ್ಲೇ ಮಗ."

"ಕೆಡಿಸಲಿಲ್ಲ ಕಣಮ್ಮ," ಅಂದಳು ನಂದಿನಿ. ಅವಳಿಗೂ ಕಣ್ಣು ತುಂಬಿತ್ತು. ಮುಂದೆ ಕೂತಿದ್ದ ಮಲ್ಲಣ್ಣ ತಿರುಗಿ ನೋಡಿ, "ಒಳ್ಳೇದೇ ಆಯ್ತು ಬುಡು," ಅಂದರು. ಅವರ ಬಾಯಿಂದ ನಾನು ಕೇಳಿದ ಮೊದಲ ಪೂರಾ ಮಾತು ಅದು.

ನಾನು ಬಸ್ ಸ್ಟ್ಯಾಂಡಲ್ಲಿ ಇಳೀತೀನಿ ಅಂದೆ, ಗೌರಮ್ಮ ಬಿಡಲಿಲ್ಲ, ಮನೆಗೇ ಕರೆದುಕೊಂಡು ಹೋದರು. ಮಲ್ಲಣ್ಣ ಅಟ್ಟದಿಂದ ಮೂಟೆ ಇಳಿಸಿದರು. ಗೌರಮ್ಮ ದಾರ ಬಿಚ್ಚೋಕೆ ಬರದೆ ಹಲ್ಲಲ್ಲಿ ಕಚ್ಚಿ ಕಿತ್ತರು. ಕಪ್ಪುಗಳೆಲ್ಲಾ ಹಾಲಿನ ನೆಲದ ಮೇಲೆ ಉರುಳಿದವು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ನನ್ನ ಅಭ್ಯಾಸದ ಪ್ರಕಾರ ಶುರುಮಾಡಿದೆ. ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ, ಹೊಳೆಯೋದು ನಡುವೆ, ಕಿವಿ ಮುರಿದದ್ದು ಮರೆಗೆ.

"ಅಂಗ್ ಬ್ಯಾಡ ಲಲಿತಮ್ಮ," ಅಂತ ಗೌರಮ್ಮ ನನ್ನ ಕೈ ಹಿಡಿದರು. ನೆಲದ ಮೇಲೆ ಕಾಲು ಮಡಿಚಿ ಕೂತು, ಮಗಳನ್ನ ನೋಡಿದರು. "ಮೊದ್ಲು ಗೆದ್ದಿದ್ದು ಮೊದ್ಲು ಇಡಾವ. ಯಾವ್ದೇ ಅದು?"

ನಂದಿನಿ ರಾಶಿಯೊಳಗೆ ಕೈಹಾಕಿ ಒಂದು ಚಿಕ್ಕ ಕಪ್ಪು ತೆಗೆದಳು. ಬೆರಳುದ್ದ ಇತ್ತು, ಬಣ್ಣ ಪೂರಾ ಹೋಗಿತ್ತು.

"ಇದು. ಆವತ್ತು ನೀನು ಆಟ ನೋಡೋಕೆ ಬಂದಿರಲಿಲ್ಲ. ಯಾವತ್ತೂ ಬಂದಿಲ್ಲ."

"ಊಂ, ಬಂದಿಲ್ಲ," ಅಂದರು ಗೌರಮ್ಮ. "ಈಗ ಕುಂತಿವ್ನಿ, ಯೋಳು."